ಕತ್ತಿಗೆ ಕಣ್ಣಿಲ್ಲ

ನನ್ನ ಅತ್ತೆಯ ಎದುರಿನ ಹಲ್ಲೊಂದರ ಮೂಲೆ ಮುಕ್ಕಾಗಿತ್ತು. ಒಣಗಿದ ಕಾಫಿ ಬೀಜ ಕಚ್ಚಿ ಕಚ್ಚಿ ಆದದ್ದು. ಆ ದಿನ ಬೆಳಿಗ್ಗೆಯೂ ಎಂದಿನಂತೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಅವರು ಕಣಕ್ಕೆ ಇಳಿದಿದ್ದರು. ಸಿಪ್ಪೆಸಮೇತ ಒಣಹಾಕಿದ ರೊಬಸ್ಟಾ ಕಾಫಿ ಹಣ್ಣಿನ, ಅಂದರೆ ಚೆರಿಯ, ಕೊನೆಯ ಹರವು ಅದು. ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. ಸಿಪ್ಪೆಯೊಳಗೆ ಬೀಜ ಗಲಗಲ ಎಂದರೆ ಒಣಗಿದೆ ಎಂದು ಎಲ್ಲರೂ ಒಪ್ಪುತ್ತಾರೆ. ಅವರಿಗೆ ಅಷ್ಟು ಸಾಲದು. ಸಿಪ್ಪೆ ಬಿಡಿಸಿ ಒಂದು ಬೀಜವನ್ನು ಆ ಮುಕ್ಕು ಹಲ್ಲಿಗೆ ಕೊಟ್ಟು, ಕಟಕ್ಕೆನಿಸಿ, ಉಗಿದು, ಇನ್ನೊಂದು ದಿನ ಬಿಸಿಲು ಬೇಕು ಎನ್ನುವಂತೆ ತಲೆ ಆಡಿಸಿದರು. ತೇವಾಂಶ ಹೇಳುವ ಯಂತ್ರ ನಮ್ಮ ಮನೆಗೂ ಬಂದಿತ್ತು. ಅದನ್ನು ಅವರು ಬೀರುವಿಗೆ ಹಾಕಿ ಬೀಗ ಹಾಕಿದ್ದರು. "ಅದು ತಗೊಳ್ಳೋನ ಪರವಾಗಿ ಮಾತಾಡ್ತದೆ" ಎಂಬುದು ಅವರ ದೂರು.

ಹಿತ್ತಿಲಲ್ಲಿ ಬಟ್ಟೆ ಹರವುತ್ತ ನಾನು ಇದನ್ನೆಲ್ಲ ನೋಡುತ್ತಿದ್ದೆ. ಗೋಡೌನಿನ ಕೊಕ್ಕೆಯಿಂದ ಸೀಬೆ ಮರಕ್ಕೆ ಎಳೆದ ಹಗ್ಗ ನಮ್ಮದು. ಯಜಮಾನರು ತಮ್ಮ ಎತ್ತರಕ್ಕೆ ಕಟ್ಟಿದ್ದು. ನಾನು ತುದಿಗಾಲಲ್ಲಿ ನಿಂತು ಎರಡೂ ತೋಳೆತ್ತಬೇಕು. ಎತ್ತಿದಾಗಲೆಲ್ಲ ಒಳಬಟ್ಟೆಯ ಪಟ್ಟಿ ಭುಜದಲ್ಲಿ ತಾನೇ ಮಾಡಿಕೊಂಡ ಹಳ್ಳಕ್ಕೆ ಇಳಿಯುತ್ತಿತ್ತು. ಅಲ್ಲಿಂದ ಕಿರುಬೆರಳ ತನಕ ಜೋಮು. ಹರವಿದ ಒಳಬಟ್ಟೆಗಳ ಮೇಲೆ ಒಂದು ಟವೆಲು ಮುಚ್ಚಿದೆ. ಇದು ಕಾನ್ವೆಂಟಿನ ಹಾಸ್ಟೆಲಿನಲ್ಲಿ ಸಿಸ್ಟರುಗಳು ಕಲಿಸಿದ್ದು. ಹಗ್ಗದ ಮೇಲೂ ಹೆಣ್ಣುಮಕ್ಕಳ ಬಟ್ಟೆಗೆ ಮರ್ಯಾದೆ ಇರಬೇಕು ಎನ್ನುತ್ತಿದ್ದರು ಅವರು.

ಆ ದಿನ ನಾವು ಚಿಕ್ಕಮಗಳೂರಿಗೆ ಹೋಗುವುದಿತ್ತು. ಕಣ್ಣು ತೋರಿಸಲು ಎಂದು ಅತ್ತೆಗೆ ಹೇಳಿದ್ದೆವು. ಅದು ಸುಳ್ಳು.

ನಿಜ ಏನೆಂದರೆ, ನನ್ನ ಎದೆಯ ಭಾರ ಇಳಿಸುವ ಆಪರೇಷನ್ ಸಾಧ್ಯವೇ ಎಂದು ಕೇಳಲು ಹೊರಟಿದ್ದೆವು. ಹೈಸ್ಕೂಲಿನಿಂದ ನಾನು ಪುಸ್ತಕಗಳನ್ನು ಎದೆಗೆ ಅವಚಿಕೊಂಡು ನಡೆದವಳು. ಸ್ಪೋರ್ಟ್ಸ್ ಡೇ ಬಂದರೆ ಜ್ವರ ಬರಿಸಿಕೊಂಡವಳು. ನೆಟ್ಟಗೆ ನಿಲ್ಲು ಎಂದು ಸಿಸ್ಟರುಗಳು ಬೆನ್ನಿಗೆ ಸ್ಕೇಲು ತಾಗಿಸಿದಷ್ಟೂ ನಾನು ಮುಂದಕ್ಕೆ ಬಾಗಿದೆ. ಮದುವೆಯಾಗಿ, ಮಗಳು ಹುಟ್ಟಿ, ಅವಳು ಹಾಸ್ಟೆಲಿಗೆ ಹೋಗುವಷ್ಟು ದೊಡ್ಡವಳಾಗುವ ಹೊತ್ತಿಗೆ ಕತ್ತಿನ ನೋವು ನನ್ನ ಜೊತೆಯವಳೇ ಆಗಿತ್ತು. ಮಳೆಗಾಲದಲ್ಲಿ ಬಟ್ಟೆ ಒಣಗದೆ, ಒಲೆಯ ಮೇಲಿನ ತಂತಿಯಿಂದ ಹೊಗೆ ವಾಸನೆಯ ಒಳಬಟ್ಟೆ ತೆಗೆದು ಹಾಕಿಕೊಂಡರೆ, ಎದೆಯ ಕೆಳಗಿನ ಮಡಿಕೆಯಲ್ಲಿ ಚರ್ಮ ಕೆಂಪಾಗಿ ಸುಲಿಯುತ್ತಿತ್ತು. ಪೌಡರು ಹಾಕಿದರೆ ಅಲ್ಲೇ ಹಿಟ್ಟಾಗುತ್ತಿತ್ತು. ಮೂಡಿಗೆರೆಯ ಮೂಳೆ ಡಾಕ್ಟರು ಎಕ್ಸರೇ ಎಲ್ಲ ನೋಡಿ, ತೊಂದರೆ ಮೂಳೆಯದ್ದಲ್ಲ, ಮುಂದೆ ಹೊತ್ತಿರುವ ಭಾರದ್ದು, ಅದನ್ನು ಕಡಿಮೆ ಮಾಡುವ ಆಪರೇಷನ್ ಇದೆ, ಹೊರಗಿನಿಂದ ಒಬ್ಬ ಪ್ಲಾಸ್ಟಿಕ್ ಸರ್ಜನ್ ಚಿಕ್ಕಮಗಳೂರಿಗೆ ಬಂದು ಹೋಗುತ್ತಾರೆ ಎಂದಿದ್ದರು. ಯಜಮಾನರಿಗೆ ಹೇಳಿದೆ. ನಿನಗೆ ಹೇಗೆ ಅನುಕೂಲವೋ ಹಾಗೆ ಎಂದರು, ಪೇಪರಿನಿಂದ ಕಣ್ಣು ತೆಗೆಯದೆ. ಅದು ಒಪ್ಪಿಗೆಯೋ, ನುಣುಚಿಕೊಳ್ಳುವುದೋ ನನಗೆ ತಿಳಿಯಲಿಲ್ಲ.

ಅತ್ತೆಗೆ ಹೇಳಲು ಧೈರ್ಯ ಬರಲಿಲ್ಲ. ಅವರು ಯಾರನ್ನೂ, ಯಾವುದನ್ನೂ ನಂಬುತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ ಬಂದರೆ ಎತ್ತಿ ಅಲ್ಲಾಡಿಸುವರು. ಹೋಟೆಲಿನ ಕಾಫಿಯಲ್ಲಿ ಕಾಫಿಯೇ ಇರುವುದಿಲ್ಲ ಎಂದು ಫ್ಲಾಸ್ಕು ಹಿಡಿದೇ ಬಸ್ಸು ಹತ್ತುವರು. ಅಡುಗೆ ಹೊಗಳುವ ನೆಂಟರು ಹೋದ ಮೇಲೆ, ಏನು ಕೇಳೋಕೆ ಬಂದಿದ್ದರು ಇವರು ಎಂದು ಯೋಚಿಸುತ್ತ ಕೂರುವರು. ಡಾಕ್ಟರೆಂದರಂತೂ ಕೇಳಬೇಡಿ. ನನಗೆ ಅವರು ಇಟ್ಟ ಹೆಸರು 'ಕಾನ್ವೆಂಟು'. ಸಾರಿಗೆ ಉಪ್ಪು ಕಡಿಮೆಯಾದರೆ, "ನಮ್ಮ ಕಾನ್ವೆಂಟು ಇವತ್ತು ಉಪ್ಪಿಗೆ ರಜ ಕೊಟ್ಟಿದ್ದಾರೆ" ಎನ್ನುವರು.

ಅವರ ಅನುಮಾನದ ಪೂರ್ತಿ ವೈಭವ ನೋಡಬೇಕಾದರೆ ಮರಗಸಿಯ ಕಾಲದಲ್ಲಿ ನೋಡಬೇಕಿತ್ತು. ಮಳೆ ಹಿಡಿಯುವ ಮೊದಲು ತೋಟದ ನೆರಳಿನ ಮರಗಳ ಕೊಂಬೆ ತೆಗೆಸುವ ಕೆಲಸ ಅದು. ಕಾಫಿಗೆ ಬೆಳಕು ಬೇಕು, ಮರಕ್ಕೆ ಗಾಳಿ ತಡೆಯುವಷ್ಟು ಹಗುರ ಬೇಕು. ಮರ ಹತ್ತುವವರು ಸೌದೆಯ ಆಸೆಗೆ ಹೆಚ್ಚು ಕಡಿಯುತ್ತಾರೆ ಎಂದು ಅತ್ತೆಯ ಗುಮಾನಿ. ಅದಕ್ಕೇ ಹಿಂದಿನ ದಿನವೇ ದೋಟಿಯ ತುದಿಗೆ ಸುಣ್ಣದಲ್ಲಿ ಅದ್ದಿದ ಬಟ್ಟೆ ಕಟ್ಟಿಕೊಂಡು, ಮರಮರದ ಬುಡದಲ್ಲಿ ನಿಂತು, ಕತ್ತೆತ್ತಿ ನೋಡಿ, ಹೋಗಬೇಕಾದ ಕೊಂಬೆಗೆ ಮಾತ್ರ ಬಿಳಿ ಗುರುತು ಹಾಕುವರು. ಗುರುತು ಇಲ್ಲದ ಕೊಂಬೆಗೆ ಕತ್ತಿ ತಾಗಕೂಡದು. ಒಮ್ಮೆ ಒಬ್ಬ ಒಂದು ಬದಿ ಮುಗಿಸಿ, ಇನ್ನೊಂದು ಬದಿ ನಾಳೆ ಎಂದು ಇಳಿದುಬಿಟ್ಟ. ಊಟ ಮಾಡಿ ಮಲಗಿದ್ದವನನ್ನು ಎಬ್ಬಿಸಿ ಮತ್ತೆ ಹತ್ತಿಸಿದರು. "ಒಂದೇ ಕಡೆ ಭಾರ ಬಿಟ್ರೆ ರಾತ್ರಿ ಗಾಳಿಗೆ ಬುಡಸಮೇತ ಬರ್ತದೆ ಮಾರಾಯ. ಕತ್ತಿಗೆ ಕಣ್ಣಿಲ್ಲ. ಕೆಳಗೆ ನಿಂತೋರಿಗಾದ್ರೂ ಇರ್ಬೇಕಲ್ಲ?" ಎಂದರು. ಅವನು ಗೊಣಗುತ್ತ ಹತ್ತಿದ. ಸಂಜೆ ಅವನಿಗೆ ಎರಡು ಲೋಟ ಕಾಫಿ ಕೊಟ್ಟದ್ದೂ ಅವರೇ.

ಇಂಥವರು, ಚೆನ್ನಾಗಿರುವ ಮೈಗೆ ಕತ್ತಿ ಹಾಕಿಸಿಕೊಳ್ಳುತ್ತೇನೆ ಎಂದರೆ ಏನೆನ್ನಬಹುದು? ನನಗೆ ಉತ್ತರ ಗೊತ್ತಿದೆ ಎಂದುಕೊಂಡಿದ್ದೆ. ಮದುವೆಯಾದ ಹೊಸದರಲ್ಲಿ ನಾನು ಬೆನ್ನು ಹಿಡಿದುಕೊಂಡು ಕೂತಾಗ, "ದೇವರು ಕೊಟ್ಟಿದ್ದನ್ನ ಹೊರೋಕೇನು ಕಷ್ಟ" ಎಂದಿದ್ದರು. ಅದು ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು. ಇನ್ನೊಂದು ಸಲ, ನಾನು ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುವುದನ್ನು ಬಾಗಿಲ ಸಂದಿಯಿಂದ ನೋಡಿ ಸುಮ್ಮನೆ ಹೋದರು. ಮರುದಿನ ಮಡಿಸಿಟ್ಟ ನನ್ನ ಬಟ್ಟೆಗಳ ಮೇಲೆ ಮಾವನವರ ಹಳೆಯ ಪಂಚೆಯಿಂದ ಹರಿದ, ಹೂವಿನಂಥ ಮೆತ್ತನೆಯ ಎರಡು ಮಡಿಕೆ ಬಟ್ಟೆ ಇತ್ತು. ಪಟ್ಟಿಯ ಕೆಳಗೆ ಇಟ್ಟುಕೊಳ್ಳಲಿ ಎಂದೋ, ನೋಡಿದ್ದೇನೆ, ಗೊತ್ತಾಗಿದೆ ಎಂದು ಚುಚ್ಚಲಿಕ್ಕೋ? ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅವರ ಜೊತೆ ಇದ್ದೂ ಇದ್ದೂ ಅನುಮಾನ ನನಗೂ ಅಂಟಿತ್ತು.

ಎಲ್ಲಕ್ಕಿಂತ ಹೆಚ್ಚಿನ ಭಯ ಇನ್ನೊಂದಿತ್ತು. ನಮ್ಮ ಗೇಟಿನಾಚೆ ರಸ್ತೆ ಬದಿಗೆ ಜೀಪು ರಿಪೇರಿಯ ಶೆಡ್ಡು, ಅದರ ಹಿಂದೆ ಮೆಕ್ಯಾನಿಕ್ ಸಾಹೇಬರ ಮನೆ. ಅವರ ಹೆಂಡತಿ ಸಂಜೆ ಹಾಲಿಗೆ ಬರುತ್ತಿದ್ದಳು. ಒಳ್ಳೆಯ ಹೆಂಗಸು, ಬಾಯಿ ಮಾತ್ರ ಸುಮ್ಮನಿರದು. ಅವಳೂ ಅತ್ತೆಯೂ ಬೇಲಿಯ ಹತ್ತಿರ ನಿಂತು ಆಡಿದ ಮಾತು ನಮ್ಮ ಬಾಳೂರಿನಿಂದ ಕಳಸಕ್ಕೆ ಬಸ್ಸಿಗಿಂತ ಮೊದಲು ತಲುಪುತ್ತದೆ ಎಂದು ಯಜಮಾನರು ತಮಾಷೆ ಮಾಡುತ್ತಿದ್ದರು. ನನ್ನ ಎದೆಯ ವಿಷಯ ಆ ಬೇಲಿಗೆ ಹೋಗುವುದನ್ನು ನೆನೆಸಿಕೊಂಡರೇ ಕಿವಿ ಬಿಸಿಯಾಗುತ್ತಿತ್ತು.

ಬಟ್ಟೆ ಹರವಿ, ತಲೆ ಬಾಚಿ, ಹೊರಗೆ ಬಂದರೆ ಕಾರಿನ ಮುಂದಿನ ಸೀಟಿನಲ್ಲಿ ಅತ್ತೆ ಕೂತಿದ್ದರು. ಸ್ವೆಟರು, ಕೊಡೆ, ತೊಡೆಯ ಮೇಲೆ ಫ್ಲಾಸ್ಕು. ಯಜಮಾನರು ಸ್ಟೀರಿಂಗ್ ಹಿಡಿದು ಎದುರಿನ ಗೋಡೆ ನೋಡುತ್ತಿದ್ದರು. ಕಣ್ಣು ತಮಗೂ ಮಂಜಾಗಿದೆ ಎಂದು ಅತ್ತೆ ಹೇಳಿದರು. ಕಣದ ಆ ತುದಿಯಲ್ಲಿ ಬಿದ್ದ ಒಂದು ಹಸಿ ಚೆರಿ ಕಾಣುವ ಕಣ್ಣು ಅದು.

ಬಣಕಲ್ಲಿನಲ್ಲಿ ಕಾರು ನಿಲ್ಲಿಸಿ ಯಜಮಾನರು ಟೀ ಕುಡಿಯಲು ಇಳಿದರು. ಅತ್ತೆ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಹಿಂದೆ ತಿರುಗದೆಯೇ ನನಗೆ ಚಾಚಿದರು.

"ಕಣ್ಣು ತೋರಿಸೋಕೆ ಹೋಗೋರು ಹೊಸ ಬಾಡಿ ತಂದು ತೊಳೆದು ಹಾಕ್ತಾರೇನೇ?"

ಡಾಕ್ಟರ ಮುಂದೆ ಹಳೆಯ ಒಳಬಟ್ಟೆಯಲ್ಲಿ ಹೇಗೆ ನಿಲ್ಲುವುದೆಂದು ಮೂಡಿಗೆರೆಯಲ್ಲಿ ಹೊಸದು ಕೊಂಡು, ಹಿಂದಿನ ದಿನ ತೊಳೆದು ಟವೆಲಿನ ಕೆಳಗೆ ಒಣಗಿಸಿದ್ದೆ. ಅವರು ಟವೆಲು ಎತ್ತಿ ನೋಡಿದ್ದರು. ಸಿಸ್ಟರುಗಳ ಪಾಠ ಅತ್ತೆಯಂಥವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಮೂಗಿನಲ್ಲಿ. ಅವರು ಪೂರ್ತಿ ಕೇಳಿದರು. ಫ್ಲಾಸ್ಕಿನ ಬಿರಡೆ ತಿರುಗಿಸಿ ಗಟ್ಟಿ ಮಾಡಿದರು.

ಚಿಕ್ಕಮಗಳೂರಿನ ಆ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಅತ್ತೆ ನನ್ನ ಕಿವಿಯಲ್ಲಿ, ಇವಳು ಡಾಕ್ಟರೋ, ಡಾಕ್ಟರ ಮಗಳೋ ಎಂದು ಕೇಳಿದರು. ಅಮ್ಮ, ಸ್ವಲ್ಪ ಹೊರಗೆ ಕೂತಿರಿ ಎಂದು ಡಾಕ್ಟರು ಹೇಳಿದಾಗ, "ಕೂರೋಕೆ ನಮ್ಮನೇಲೇ ಜಗಲಿ ಇತ್ತು" ಎಂದು ಕುರ್ಚಿ ಎಳೆದುಕೊಂಡರು. ಡಾಕ್ಟರು ನನ್ನ ಮುಖ ನೋಡಿದರು. ಇರಲಿ ಎಂದೆ. ಬೇಡ ಎನ್ನುವ ಧೈರ್ಯ ಇದ್ದಿದ್ದರೆ ನಾನು ಸುಳ್ಳು ಹೇಳಿ ಯಾಕೆ ಬರುತ್ತಿದ್ದೆ? ಯಜಮಾನರು ಹೊರಗೇ ಉಳಿದರು.

ಪರದೆಯ ಹಿಂದೆ ಪರೀಕ್ಷೆಯಾಯಿತು. ಭುಜದ ಹಳ್ಳ, ಕೆಳಗಿನ ಕಲೆ ಎಲ್ಲ ನೋಡಿ ಡಾಕ್ಟರು ವಿವರಿಸತೊಡಗಿದರು. ಅವರು 'ಬ್ರೆಸ್ಟ್' ಎನ್ನುತ್ತಿದ್ದರು, ನಾನು 'ಚೆಸ್ಟ್' ಎನ್ನುತ್ತಿದ್ದೆ. ಅತ್ತೆ ಮಧ್ಯೆ ಬಾಯಿ ಹಾಕಿ, "ಮೊಲೆ ಎಷ್ಟು ತೆಗೀತೀರಿ ಅದು ಹೇಳಿ" ಎಂದರು. ಕಾನ್ವೆಂಟಿನ ಹತ್ತು ತರಗತಿಗಳಲ್ಲಿ ನಾನು ಒಮ್ಮೆಯೂ ಗಟ್ಟಿಯಾಗಿ ಕೇಳದ ಮಾತು ಅದು. ಗೋಡೆಯ ಕ್ಯಾಲೆಂಡರಿನ ಮೇಲೆ ಕಣ್ಣು ನೆಟ್ಟೆ.

ಆಮೇಲೆ ಶುರುವಾಯಿತು ಅವರ ವಿಚಾರಣೆ. ಎಷ್ಟು ತೆಗೆಯುತ್ತೇವೆಂದು ಈಗಲೇ ತೂಕ ಹಾಕಿ ಹೇಳಲಾಗದು, ಮೈಕಟ್ಟಿಗೆ ಹೊಂದುವಷ್ಟು ಎಂದರು ಡಾಕ್ಟರು. ಕಾಫಿ ಮಾರಿದ ಅತ್ತೆಗೆ ಈ ಉತ್ತರ ಹಿಡಿಸಲಿಲ್ಲ. ತೆಗೆದದ್ದನ್ನು ಏನು ಮಾಡುತ್ತೀರಿ? ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸುತ್ತೇವೆ, ಒಳಗೆ ಬೇರೇನಾದರೂ ಇದ್ದರೆ ತಿಳಿಯುತ್ತದೆ, ಆಪರೇಷನ್ನಿಗೆ ಮೊದಲೇ ಒಂದು ಸಲ ಮ್ಯಾಮೋಗ್ರಾಮೂ ಮಾಡುತ್ತೇವೆ. ಕಲೆ ಉಳಿಯುತ್ತದಾ? ಉಳಿಯುತ್ತದೆ, ತೊಟ್ಟಿನ ಸುತ್ತ, ಅಲ್ಲಿಂದ ಕೆಳಕ್ಕೆ, ಮಡಿಕೆಯ ಉದ್ದಕ್ಕೆ. ವರ್ಷ ಕಳೆದ ಹಾಗೆ ಮಾಸುತ್ತದೆ, ಅಳಿಸಿ ಹೋಗುವುದಿಲ್ಲ. ಎರಡೂ ಸಮ ಬರುತ್ತವಾ? ಹತ್ತಿರ ಹತ್ತಿರ ಬರುತ್ತವೆ, ಅಚ್ಚು ಹಾಕಿದಂತೆ ಅಲ್ಲ. ತೊಟ್ಟಿನ ಸ್ಪರ್ಶ ಕಡಿಮೆಯಾಗಬಹುದು, ಕೆಲವರಿಗೆ ಹೋಗಲೂಬಹುದು. ಹೊಲಿಗೆ ಕೂಡುವ ಕಡೆ ಗಾಯ ಮಾಯಲು ತಡವಾಗಬಹುದು. ರಕ್ತ, ನೀರು ಹೊರಗೆ ಬರಲು ಒಂದೆರಡು ದಿನ ಸಣ್ಣ ಕೊಳವೆ ಇಡಬೇಕಾದೀತು. ಬಾವು ಇಳಿಯುವ ತನಕ ಬಿಗಿಯಾದ ಒಳಬಟ್ಟೆ, ಹಗಲೂ ರಾತ್ರಿ. ಒಂದೂವರೆ ತಿಂಗಳು ಕೊಡ ಎತ್ತುವಂತಿಲ್ಲ, ಭುಜಕ್ಕಿಂತ ಮೇಲೆ ತೋಳೆತ್ತುವಂತಿಲ್ಲ.

"ಭುಜಕ್ಕಿಂತ ಮೇಲೆ ಅಂದ್ರೆ?" ಎಂದು ಅತ್ತೆ ಕೇಳಿದರು. ಡಾಕ್ಟರು ತಮ್ಮ ಕೈಯೆತ್ತಿ ತೋರಿಸಿದರು, ಇಷ್ಟರ ತನಕ, ಇದರ ಮೇಲೆ ಬೇಡ.

ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಇವರು ಕೇಳುತ್ತಿರುವುದು ನನಗಾಗಿಯಲ್ಲ, ಬೇಡ ಎನ್ನಲು ಒಂದೊಂದೇ ಕಾರಣ ಸೇರಿಸಿಕೊಳ್ಳುತ್ತಿದ್ದಾರೆ ಎಂದು ಖಚಿತವಾಗಿತ್ತು. ಕಲೆ, ಕೊಳವೆ, ಸ್ಪರ್ಶ, ಕೆಲಸಕ್ಕೆ ಬಾರದ ಸೊಸೆ. ಮನೆಗೆ ಹೋದ ಮೇಲೆ ಒಂದೊಂದನ್ನೇ ಎದುರಿಗಿಡುತ್ತಾರೆ. ನಿಜ ಹೇಳಬೇಕೆಂದರೆ ಆ ಒಂದೊಂದು ಉತ್ತರಕ್ಕೂ ನನಗೂ ಹೆದರಿಕೆ ಹೆಚ್ಚುತ್ತಿತ್ತು. ನಾನಾಗಿದ್ದರೆ ಇದರಲ್ಲಿ ಒಂದನ್ನೂ ಕೇಳುತ್ತಿರಲಿಲ್ಲ. ಥ್ಯಾಂಕ್ಯೂ ಡಾಕ್ಟರ್ ಎಂದು ಎದ್ದು ಬರುತ್ತಿದ್ದೆ.

"ಕಡಿಯೋ ಜಾಗಕ್ಕೆ ಗುರುತು ಹಾಕ್ತೀರಾ?" ಅತ್ತೆ ಕೇಳಿದರು.

ಹಾಕುತ್ತೇವೆ, ಪೆನ್ನಿನಲ್ಲಿ, ಎಂದರು ಡಾಕ್ಟರು.

"ಮಲಗ್ಸಿ ಹಾಕ್ತೀರೋ, ನಿಲ್ಸಿ ಹಾಕ್ತೀರೋ?"

"ನಿಲ್ಸಿನೇ ಅಮ್ಮ. ಮಲಗಿದ್ರೆ ಎಲ್ಲ ಪಕ್ಕಕ್ಕೆ ಜಾರುತ್ತೆ, ಭಾರ ಎಲ್ಲಿದೆ ಅಂತ ಗೊತ್ತಾಗಲ್ಲ. ಅರಿವಳಿಕೆ ಕೊಡೋಕೆ ಮುಂಚೆ, ಎಚ್ಚರ ಇರುವಾಗಲೇ ನಿಲ್ಸಿ ಗುರುತು ಹಾಕ್ತೀವಿ. ಅವರೂ ಕನ್ನಡೀಲಿ ನೋಡ್ಕೋಬಹುದು."

ಅತ್ತೆ ಸ್ವಲ್ಪ ಹೊತ್ತು ಡಾಕ್ಟರ ಕೈಬೆರಳುಗಳನ್ನೇ ನೋಡಿದರು. ಆಮೇಲೆ ಆ ಹುಡುಗಿಯನ್ನು ಬಿಟ್ಟು ನನ್ನ ಕಡೆ ತಿರುಗಿದರು. ನನ್ನ ಮೇಲೂ ಅವರಿಗೆ ಅನುಮಾನ ಇತ್ತು.

"ಇದು ಚಂದಕ್ಕೋ, ಸುಖಕ್ಕೋ? ಸರಿಯಾಗಿ ಹೇಳು."

ನಾನು ಎಷ್ಟೋ ತಿಂಗಳಿಂದ ನನ್ನನ್ನೇ ಕೇಳಿಕೊಂಡು ಉತ್ತರ ಸಿಗದೆ ಬಿಟ್ಟಿದ್ದ ಪ್ರಶ್ನೆ ಅದು. ಕ್ಯಾಲೆಂಡರಿನಿಂದ ಕಣ್ಣು ತೆಗೆದೆ.

"ನಂಗೆ ಒಂದ್ಸಲ ನೆಟ್ಟಗೆ ನಿಲ್ಬೇಕು ಅತ್ತೆ," ಎಂದೆ.

ಆತುರವಿಲ್ಲ, ಮನೆಗೆ ಹೋಗಿ ಯೋಚಿಸಿ ಎಂದರು ಡಾಕ್ಟರು. ಮಾಡಿಸುವುದಾದರೆ ಮಳೆಗಾಲದ ತೇವ ಶುರುವಾಗುವ ಮೊದಲು ಮಾಡಿಸಿಕೊಂಡರೆ ಗಾಯಕ್ಕೆ ಒಳ್ಳೆಯದು ಎಂದೂ ಸೇರಿಸಿದರು. ಅತ್ತೆ ಎದ್ದು ಸೆರಗು ಸರಿಮಾಡಿಕೊಂಡು ಒಂದೇ ಮಾತು ಹೇಳಿದರು. "ನೋಡೋಣ."

ಅತ್ತೆಯ 'ನೋಡೋಣ' ಏನೆಂದು ನಮ್ಮ ಮನೆಗೆ ಬಂದು ಹೋಗುವ ಕಾಫಿ ವ್ಯಾಪಾರಿಗಳಿಗೆಲ್ಲ ಗೊತ್ತಿತ್ತು. ಅತ್ತೆ ನೋಡೋಣ ಎಂದರೆ ಅವರು ಲೋಟ ಕೆಳಗಿಟ್ಟು ಎದ್ದು ಹೋಗುತ್ತಿದ್ದರು. ಮತ್ತೆ ಕೇಳಿ ಪ್ರಯೋಜನವಿರಲಿಲ್ಲ.

ವಾಪಸು ಬರುವಾಗ ಅವರು ನಿದ್ದೆ ಮಾಡಿದರು, ಅಥವಾ ಹಾಗೆ ಕಾಣಿಸಿಕೊಂಡರು. ಕನ್ನಡಿಯಲ್ಲಿ ಯಜಮಾನರ ಕಣ್ಣು ಆಗಾಗ ನನ್ನನ್ನು ಹುಡುಕುತ್ತಿತ್ತು. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೆ. ಅವರ ತಾಯಿಯ ಮಾತು ಮೀರಿ ಅವರು ನನ್ನನ್ನು ಆಸ್ಪತ್ರೆಗೆ ಸೇರಿಸುವವರಲ್ಲ. ಮೀರಿದರೂ ಆ ಒಂದೂವರೆ ತಿಂಗಳು ಮನೆ ನಡೆಸುವವರು ಯಾರು? ಮನಸ್ಸಿನಲ್ಲೇ ಪಂಚೆಯ ಆ ಮೆತ್ತನೆ ಬಟ್ಟೆಯನ್ನು ಮತ್ತೆ ಮಡಿಸಿ ಭುಜಕ್ಕೆ ಇಟ್ಟುಕೊಂಡೆ.

ಅತ್ತೆ ಈಗಿಲ್ಲ. ಹೋದ ಕಾರ್ತಿಕದಲ್ಲಿ ತೀರಿಕೊಂಡರು. ಕಡೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದಲ್ಲಿ ಮಲಗಿ ಡ್ರಿಪ್ಪಿನ ಬಾಟಲಿ ತೋರಿಸಿ, "ಇದ್ರಲ್ಲಿ ಎಂಥ ಇದೆ, ಓದಿ ಹೇಳೇ ಕಾನ್ವೆಂಟು" ಎಂದರು. ನಾನು ಸಣ್ಣ ಅಕ್ಷರಗಳನ್ನೂ ಬಿಡದೆ ಓದಿ, ಕನ್ನಡ ಮಾಡಿ ಹೇಳಿದೆ. ನಂಬಿದರೋ ಇಲ್ಲವೋ. ನನ್ನೊಡನೆ ಆಡಿದ ಕಡೆಯ ಮಾತು ಅದು. ಒಂದನ್ನೂ ಬಿಡದೆ ಕೇಳುವುದನ್ನು, ಹೆಸರಿರುವ ವಸ್ತುವನ್ನು ಅದರ ಹೆಸರಿನಿಂದಲೇ ಕರೆಯುವುದನ್ನು ನಾನು ಅವರಿಂದ ಕಲಿತೆ. ಆ ಋಣ ದೊಡ್ಡದು. ಆದರೂ ಅವರ ನೆನಪಾದಾಗ ಕಣ್ಣ ಮುಂದೆ ಬರುವುದು ಆಸ್ಪತ್ರೆಯಲ್ಲ, ಚಿಕ್ಕಮಗಳೂರಿನಿಂದ ಬಂದ ಆ ಸಂಜೆ.

ಮನೆ ತಲುಪಿದಾಗ ಬಿಸಿಲು ಕಣದಿಂದ ಇಳಿಯುತ್ತಿತ್ತು. ನಾನು ಸೀರೆಯನ್ನೂ ಬದಲಾಯಿಸದೆ ಅಡುಗೆಮನೆಗೆ ಹೋಗಿ ಹಾಲು ಕಾಯಿಸಲು ಇಟ್ಟೆ. ಅತ್ತೆ ಒಳಗೆ ಬರಲೇ ಇಲ್ಲ. ಹಿತ್ತಿಲಿನಿಂದ ಮೆಕ್ಯಾನಿಕ್ ಸಾಹೇಬರ ಹೆಂಡತಿಯ ನಗು ಕೇಳಿಸಿತು. ನಡುವೆ ಅತ್ತೆಯ ತಗ್ಗಿದ ಧ್ವನಿ. ಕಿಟಕಿಯಿಂದ ಗೋಡೌನಿನ ಗೋಡೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮಾತು ತಿಳಿಯಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ. ಹೇಳಿಬಿಟ್ಟರು. ನಾಳೆ ಬೆಳಿಗ್ಗೆಯ ಹೊತ್ತಿಗೆ ಕಳಸದ ತನಕ ಹೋಗಿರುತ್ತದೆ. ಹಾಲು ಉಕ್ಕಿ ಒಲೆಗೆ ಸುರಿದದ್ದು ಸುಟ್ಟ ವಾಸನೆ ಬಂದ ಮೇಲೆ ಗೊತ್ತಾಯಿತು.

ಆಮೇಲೆ ಅತ್ತೆ ಹಿಂಬಾಗಿಲಿನಿಂದ ಬಂದರು. ಅವರ ತೋರುಬೆರಳಿಗೆ ಸುಣ್ಣ ಮೆತ್ತಿತ್ತು. ಎಲೆ ಹಾಕಿಕೊಂಡಿರಬೇಕು ಎಂದುಕೊಂಡೆ, ಆದರೆ ಬಾಯಿ ಕೆಂಪಾಗಿರಲಿಲ್ಲ. ನನ್ನನ್ನು ನೋಡದೆ ಕೈ ತೊಳೆದು, ದೇವರ ಮುಂದೆ ದೀಪ ಹಚ್ಚಲು ಹೋದರು. ಹೋಗುತ್ತ, ಹಾಲು ಸೀದ ವಾಸನೆ ಬರ್ತಿದೆ ಎಂದಷ್ಟೇ ಹೇಳಿದರು.

ಮೆಕ್ಯಾನಿಕ್ ಸಾಹೇಬರ ಹೆಂಡತಿ ಹಿಂಬಾಗಿಲಿಗೆ ಬಂದು ಕ್ಯಾನು ಚಾಚಿದಳು. ಅವಳ ಮುಖ ನೋಡಲು ನನಗೆ ನಾಚಿಕೆ. ಕಾಯಿಸದೆ ಉಳಿಸಿದ್ದ ಹಾಲು ಅಳೆದು ಹಾಕಿದೆ. ಅವಳು ಮುಚ್ಚಳ ಒತ್ತಿ, ಕ್ಯಾನಿನ ಹೊರಗೆ ಸೋರಿದ ಹನಿಯನ್ನು ಸೆರಗಿನಿಂದ ಒರೆಸಿ, ಮೆಟ್ಟಿಲಿಳಿಯುತ್ತ ಹಿಂದಿರುಗಿ ನಕ್ಕಳು.

"ಅಲ್ಲಕ್ಕ, ನಿಮ್ಮತ್ತೆಗೆ ಇವತ್ತು ಎಂಥ ಆಗಿದೆ? ನೀನು ನಮ್ಮ ಸೊಸೆಯಷ್ಟೇ ಎತ್ತರ ಇದ್ದೀಯ ಅಂತ ನನ್ನನ್ನೇ ಸೀಬೆ ಮರಕ್ಕೆ ಒರಗಿಸಿ ನಿಲ್ಸಿ, ಭುಜದ ಹತ್ರ ಸುಣ್ಣದ ಗುರುತು ಹಾಕಿ, ಬಟ್ಟೆ ಹಗ್ಗಾನ ಅದಕ್ಕಿಂತ ಕೆಳಗೆ ಇಳಿಸಿ ಕಟ್ಟಿಸಿದ್ರು ನನ್ ಕೈಲಿ. ಇನ್ಮೇಲೆ ನಿಮ್ಮನೆ ಸೀರೆಗಳೆಲ್ಲ ನೆಲ ಗುಡಿಸ್ತವೆ ನೋಡಿ."